ಕಾಶಿಯಾತ್ರೆಗೆ ಐದು ಮಡಿಕೆಯ ಕೊಡೆ

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಖರೀದಿ ವಿಭಾಗದವನು. ಇಪ್ಪತ್ತಾರು ವರ್ಷಗಳಿಂದ ನನ್ನ ಸಹಿ ಇಲ್ಲದೆ ಅಲ್ಲಿ ಒಂದು ಸ್ಕ್ರೂ ಕೂಡ ಗೇಟಿನೊಳಗೆ ಬಂದಿಲ್ಲ. ಮೂರು ಕಡೆಯಿಂದ ಕೊಟೇಶನ್ ತರಿಸಬೇಕು, ಪಕ್ಕಪಕ್ಕ ಇಟ್ಟು ಹೋಲಿಸಬೇಕು, ಸ್ಯಾಂಪಲ್ ಪರೀಕ್ಷಿಸಬೇಕು, ಷರಾ ಬರೆಯಬೇಕು, ಆಮೇಲೆ ಕೊಳ್ಳಬೇಕು. ಇದು ನನ್ನ ಧರ್ಮ. ಇಂಥ ಅನುಭವಸ್ಥನಿಗೆ ಒಂದೇ ಒಂದು ಕೊಡೆ ಕೊಳ್ಳುವುದು ಯಾವ ಮಹಾ ಕೆಲಸ ಹೇಳಿ!

ಆದರೆ ಕೊಡೆಯ ಕಥೆಗೆ ಮೊದಲು ತೊಟ್ಟಿಲ ಕಥೆ ಹೇಳಬೇಕು. ಏಳು ವರ್ಷದ ಹಿಂದೆ ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ತೊಟ್ಟಿಲು ತರುವ ಜವಾಬ್ದಾರಿ ನನ್ನದಾಗಿತ್ತು. ಗಟ್ಟಿಮುಟ್ಟಾಗಿರಲಿ ಎಂದು ತೇಗದ ಮರದಲ್ಲಿ ಹೇಳಿ ಮಾಡಿಸಿದೆ. ಗಟ್ಟಿಮುಟ್ಟಾಗಿಯೇ ಬಂತು. ಬಾಗಿಲಲ್ಲಿ ಮಾತ್ರ ತೂರಲಿಲ್ಲ! ಅಡ್ಡ ಹಿಡಿದರೂ ಇಲ್ಲ, ಉದ್ದ ಹಿಡಿದರೂ ಇಲ್ಲ. ಕೊನೆಗೆ ಮುಹೂರ್ತ ಮೀರುತ್ತದೆಂದು ಮಗುವನ್ನೇ ಕಾಂಪೌಂಡಿಗೆ ತಂದು, ಸ್ಕೂಟರುಗಳ ನಡುವೆ ಹೆಸರಿಟ್ಟರು.

ಅಂದಿನಿಂದ ನಮ್ಮ ಕುಟುಂಬದಲ್ಲಿ ನನಗೆ ಕೆಲಸವೇ ಇಲ್ಲ. ಯಾವ ಸಮಾರಂಭಕ್ಕೆ ಹೋದರೂ ಒಂದು ಕುರ್ಚಿ ಎಳೆದು ಕೊಟ್ಟು, "ನೀನು ಆರಾಮಾಗಿ ಕೂತ್ಕೋ ಕಂಠಿ" ಅನ್ನುತ್ತಾರೆ. ನನ್ನ ಹೆಸರು ಶ್ರೀಕಂಠ. ಮನೆಯವರಿಗೆ ಕಂಠಿ. ಮರ್ಯಾದೆಯ ಮಾತಿನಲ್ಲೇ ಹೇಳಿದರೂ ಅದು ಸಸ್ಪೆಂಡ್ ಆದೇಶವೇ ಅಲ್ಲವೇ?

ಹೀಗಿರುವಾಗ ಅಕ್ಕನ ಮಗಳು ಚೈತ್ರಾಳ ಮದುವೆ ನಿಶ್ಚಯವಾಯಿತು. ನಾನು ಸೋದರಮಾವ. ಕುರ್ಚಿಯಲ್ಲಿ ಕೂತಿರಲು ಆಗುತ್ತದೆಯೇ? ನೇರವಾಗಿ ಅಕ್ಕನ ಮನೆಗೆ ಹೋದೆ. ನನ್ನ ಹೆಂಡತಿ ಸುಮ ಆಗಲೇ ಅಲ್ಲಿ ಕೂತು ಸೀರೆಯ ಪಟ್ಟಿ ಬರೆಯುತ್ತಿದ್ದಳು.

"ಅಕ್ಕಾ, ನನಗೂ ಒಂದು ಕೆಲಸ ಕೊಡು. ಚೈತ್ರಂಗೆ ನಾನೊಬ್ನೇ ಸೋದರಮಾವ ಹತ್ತಿರದಲ್ಲಿರೋದು. ಇಲ್ಲ ಅಂದ್ರೆ ನಾನು ಮದುವೆಗೇ ಬರಲ್ಲ."

ಅಕ್ಕ ಸುಮಳ ಮುಖ ನೋಡಿದಳು. ಸುಮ ಅಕ್ಕನ ಮುಖ ನೋಡಿದಳು. ಆಮೇಲೆ ಅಕ್ಕ ಗಂಭೀರವಾಗಿ ಹೇಳಿದಳು.

"ಸರಿ, ಕಾಶಿಯಾತ್ರೆ ಕೊಡೆ ನಿಂದು. ಆದ್ರೆ ನೋಡು ಕಂಠಿ, ಹುಡುಗನ ಅಜ್ಜಿ ಶಾಸ್ತ್ರದ ವಿಷಯದಲ್ಲಿ ಬಲು ಕಟ್ಟುನಿಟ್ಟು ಕಣೋ. ನಿಶ್ಚಿತಾರ್ಥದಲ್ಲಿ ಎಲೆಅಡಿಕೆ ತಟ್ಟೆ ಎಡಗೈಲಿ ಸರಿಸಿದ್ದಕ್ಕೇ ಅರ್ಧ ಗಂಟೆ ಮಾತಾಡಿದ್ರು. ಚೈತ್ರ ನಾಳೆ ಆ ಮನೇಲಿ ಬಾಳಬೇಕು. ನಮ್ಮ ಮಾನ ನಿನ್ನ ಕೈಲಿದೆ."

ಕಾಶಿಯಾತ್ರೆ ಎಂದರೆ ಗೊತ್ತಲ್ಲ. ತಾಳಿ ಕಟ್ಟುವ ಒಂದು ಗಂಟೆ ಮುಂಚೆ ವರನಿಗೆ ಇದ್ದಕ್ಕಿದ್ದಂತೆ ವೈರಾಗ್ಯ ಬರುತ್ತದೆ. ಕೊಡೆ, ಕೋಲು, ಬೀಸಣಿಗೆ ಹಿಡಿದು ಕಾಶಿಗೆ ಹೊರಟೇಬಿಡುತ್ತಾನೆ. ಛತ್ರದ ಗೇಟು ದಾಟುವ ಮೊದಲೇ ಹೆಣ್ಣಿನ ತಂದೆ ಅಡ್ಡ ನಿಂತು, "ಹೋಗಬೇಡಿ, ನನ್ನ ಮಗಳನ್ನು ಕೊಡ್ತೀನಿ" ಅನ್ನುತ್ತಾನೆ. ವೈರಾಗ್ಯ ಅಲ್ಲೇ ಇಳಿಯುತ್ತದೆ. ಒಟ್ಟು ಇಪ್ಪತ್ತು ಹೆಜ್ಜೆಯ ಯಾತ್ರೆ. ಅದಕ್ಕೆ ಬೇಕಾದ ಸಾಮಾನು ಹೆಣ್ಣಿನ ಕಡೆಯವರದು.

ದಾರಿಯಲ್ಲಿ ಸುಮ ಹೇಳಿದಳು. "ಶಿವರಾಂಪೇಟೆಲಿ ಯಾವ ಅಂಗಡಿಗೆ ಹೋದ್ರೂ ಸಿಗತ್ತೆ ಕಣ್ರೀ. ಕಪ್ಪು ಬಟ್ಟೆ, ಬಾಗಿದ ಹಿಡಿ. ಎರಡು ನಿಮಿಷದ ಕೆಲಸ."

ನಾನು ನಕ್ಕೆ. ಎರಡು ನಿಮಿಷದಲ್ಲಿ ಕೊಳ್ಳುವುದಾದರೆ ಖರೀದಿ ವಿಭಾಗ ಯಾಕೆ ಬೇಕು?

ಅಂದು ಸಂಜೆಯೇ ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಹೊಸ ಫೈಲು ತೆರೆದೆ. ವಸ್ತು: ಕೊಡೆ. ಸಂಖ್ಯೆ: ಒಂದು. ಉಪಯೋಗ: ಪ್ರಯಾಣ. ಎಲ್ಲಿಂದ: ಮೈಸೂರು. ಎಲ್ಲಿಗೆ: ಕಾಶಿ.

ಇಷ್ಟು ಬರೆಯುವಾಗಲೇ ನನಗೆ ಜ್ಞಾನೋದಯವಾಯಿತು. ಪ್ರಯಾಣಕ್ಕೆ ಯಾರಾದರೂ ಅಷ್ಟುದ್ದದ ಕೊಡೆ ಒಯ್ಯುತ್ತಾರೆಯೇ? ನನ್ನದೇ ಕಾಶಿಯಾತ್ರೆಯ ಕೊಡೆ ಇಪ್ಪತ್ತೆಂಟು ವರ್ಷದಿಂದ ನಮ್ಮ ಅಟ್ಟದ ಮೇಲೆ ಮಲಗಿದೆ. ಬಸ್ಸಿಗೂ ಆಗಲಿಲ್ಲ, ಸ್ಕೂಟರಿಗೂ ಆಗಲಿಲ್ಲ. ಚೈತ್ರಾಳ ಹುಡುಗ ಪ್ರಮೋದನಿಗೋ ಔಷಧಿ ಕಂಪನಿಯ ಕೆಲಸ, ವಾರದಲ್ಲಿ ನಾಲ್ಕು ದಿನ ಊರೂರು ಸುತ್ತುತ್ತಾನೆ. ಅವನಿಗೆ ಬೇಕಾದದ್ದು ಜೇಬಿನಲ್ಲಿ ಹಿಡಿಯುವ ಕೊಡೆ! ಅದೂ ಅಲ್ಲದೆ ತೊಟ್ಟಿಲು ನನಗೊಂದು ಪಾಠ ಕಲಿಸಿತ್ತಲ್ಲ. ದೊಡ್ಡದನ್ನು ತಂದು ಒಮ್ಮೆ ಕೆಟ್ಟಿದ್ದೆ. ಈ ಸಲ ಆ ತಪ್ಪು ಮಾಡುವ ಪ್ರಶ್ನೆಯೇ ಇಲ್ಲ.

"ಜೇಬಿನ ಕೊಡೆ ಬೇಡ ಕಣ್ರೀ. ಶಾಸ್ತ್ರಕ್ಕೆ ಶಾಸ್ತ್ರದ ಕೊಡೇನೇ ಚೆಂದ" ಎಂದಳು ಸುಮ.

"ಶಾಸ್ತ್ರದಲ್ಲಿ ಕೊಡೆ ಅಂತ ಇದೆಯೇ ಹೊರತು ಉದ್ದ ಇಷ್ಟು ಅಂತ ಎಲ್ಲಿದೆ, ತೋರಿಸು" ಎಂದೆ.

ಆಮೇಲೆ ಅವಳು ವಾದಿಸಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಟೇಪು ಮತ್ತು ಅಡುಗೆಮನೆಯ ತೂಕದ ಯಂತ್ರ ಹಿಡಿದು ಮೂರು ಅಂಗಡಿ ಸುತ್ತಿದೆ. ಎರಡು ಮಡಿಕೆಯದು ಜೇಬಿಗೆ ಹಿಡಿಯಲಿಲ್ಲ. ಮೂರು ಮಡಿಕೆಯದು ಹಿಡಿಯಿತು, ಆದರೆ ಜೇಬೇ ಕೆಳಗೆ ಜಗ್ಗಿತು. ಮೂರನೆಯ ಅಂಗಡಿಯ ಯಜಮಾನರು ಇನ್ನೊಂದು ತೆಗೆದರು. ಐದು ಮಡಿಕೆ, ಒಂದು ಗೇಣು ಉದ್ದ, ಎರಡು ಕಿತ್ತಳೆಹಣ್ಣಿನ ತೂಕ. ಹಿಡಿಯಲ್ಲೊಂದು ಬಟನ್. ಒಮ್ಮೆ ಒತ್ತಿದರೆ ತಾನೇ ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ತಾನೇ ಮಡಚಿಕೊಳ್ಳುತ್ತದೆ.

"ಸ್ವಲ್ಪ ದೂರ ಹಿಡ್ಕೊಂಡು ಒತ್ತಿ ಸಾರ್" ಎಂದರು ಯಜಮಾನರು.

ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ಒತ್ತಿಯಾಗಿತ್ತು. ಕೊಡೆ ಫಟ್ಟನೆ ಬಿಚ್ಚಿಕೊಂಡು ಅವರ ಕನ್ನಡಕವನ್ನು ಕ್ಯಾಷ್ ಡ್ರಾಯರಿನೊಳಗೆ ಬೀಳಿಸಿತು. ಇದು ಸ್ಪ್ರಿಂಗಿನ ಶಕ್ತಿಗೆ ಸಾಕ್ಷಿ ಎಂದು ಫೈಲಿನಲ್ಲಿ ಬರೆದುಕೊಂಡೆ.

ಆದರೂ ಪರೀಕ್ಷೆಯಿಲ್ಲದೆ ಒಪ್ಪುವವನಲ್ಲ ನಾನು. ಮಳೆ ಬರುವ ಲಕ್ಷಣ ಇರಲಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ತಾರಸಿಗೆ ಹೋಗಿ, ಗಿಡಕ್ಕೆ ನೀರು ಬಿಡುವ ಪೈಪನ್ನು ನೀರಿನ ಟ್ಯಾಂಕಿನ ಮೇಲೆ ಕಟ್ಟಿ, ಅದರಡಿ ಕೊಡೆ ಹಿಡಿದು ಕಾಲು ಗಂಟೆ ನಿಂತೆ. ಗಾಳಿಗೆಂದು ಎದುರಿಗೆ ಟೇಬಲ್ ಫ್ಯಾನ್. ಪಕ್ಕದ ಮನೆಯ ಜವರಪ್ಪನವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಗೋಡೆಯಾಚೆಯಿಂದ ಬಹಳ ಹೊತ್ತು ನೋಡಿದರು.

"ಏನ್ ಸಾ, ಮಳೇನೇ ಇಲ್ದೆ ಕೊಡೆ ಹಿಡ್ಕಂಡು ನಿಂತ್ಬುಟ್ಟಿದ್ದೀರಿ?"

"ಪರೀಕ್ಷೆ ಜವರಪ್ಪನೋರೇ. ಮದುವೆ ಗಂಡಿಗೆ ಕೊಡೋದು. ಕಾಶಿಯಾತ್ರೆಗೆ."

"ಮದ್ವೆ ಗಂಡ್ಗಾ? ಅಯ್ಯೋ ಬುಡಿ ಸಾ, ನಾನು ಮೊಮ್ಮಗೀದು ಅನ್ಕಂಡಿದ್ದೆ!"

ತಲೆ ಒಣಗಿತ್ತು. ಭುಜದಿಂದ ಕೆಳಗೆ ಪೂರ್ತಿ ಒದ್ದೆ. ಕೊಡೆಯ ಕೆಲಸ ತಲೆ ಕಾಯುವುದು ತಾನೇ? 'ಪರೀಕ್ಷೆಯಲ್ಲಿ ಉತ್ತೀರ್ಣ' ಎಂದು ಷರಾ ಬರೆದು ಸಹಿ ಹಾಕಿದೆ. ಒಂದು ಪರೀಕ್ಷೆ ಮಾತ್ರ ಬಿಟ್ಟುಹೋಯಿತು. ಪೇಟ ಇಟ್ಟ ತಲೆಯ ಮೇಲೆ ಹಿಡಿದು ನೋಡಿರಲಿಲ್ಲ.

ಹೀಗೆ ಮೂರು ವಾರ ಕಳೆದವು. ಸೀರೆ, ಅಡುಗೆ, ಛತ್ರದ ಅಲಂಕಾರ ಎಲ್ಲ ಯಾವಾಗ ನಡೆದವೋ ನನಗೆ ತಿಳಿಯಲೇ ಇಲ್ಲ. ಅಕ್ಕ ಮಾತ್ರ ದಿನಾ ಫೋನ್ ಮಾಡಿ, "ಕೊಡೆ ವಿಷಯ ಎಲ್ಲಿಗೆ ಬಂತೋ? ಅವಸರ ಮಾಡ್ಬೇಡ, ನಿಧಾನವಾಗಿ ನೋಡು" ಅನ್ನುತ್ತಿದ್ದಳು. ಏಳು ವರ್ಷದ ಮೇಲೆ ನನ್ನ ಬೆಲೆ ಅಕ್ಕನಿಗೆ ಅರ್ಥವಾಯಿತಲ್ಲ ಎಂದು ನನ್ನ ಕಣ್ಣು ತುಂಬಿಬಂದಿತ್ತು.

ಮದುವೆ ಹಿನಕಲ್ ಕಡೆಯ ಒಂದು ಛತ್ರದಲ್ಲಿ. ಬೆಳಿಗ್ಗೆ ಎಂಟೂವರೆಗೆ ಕಾಶಿಯಾತ್ರೆ, ಒಂಬತ್ತೂ ಮುಕ್ಕಾಲಿಗೆ ಮುಹೂರ್ತ. ಸಿಲ್ಕ್ ಜುಬ್ಬದ ಜೇಬಿನಲ್ಲಿ ಕೊಡೆ ಇಟ್ಟುಕೊಂಡು ಎಂಟಕ್ಕೇ ಸಿದ್ಧನಾಗಿದ್ದೆ. ಕಾಶಿಯಾತ್ರೆಯ ಸಾಮಾನೆಲ್ಲ ಗೇಟಿನ ಬಳಿ ಒಂದು ಚಾಪೆಯ ಮೇಲೆ ಜೋಡಿಸಿತ್ತು. ಕೋಲು, ಬೀಸಣಿಗೆ, ಪಾದುಕೆ. ಪಕ್ಕದಲ್ಲಿ ಯಾರದೋ ಉದ್ದನೆಯ ಕಪ್ಪು ಕೊಡೆ ಒರಗಿಸಿತ್ತು. ಪಾಪ, ಯಾರೋ ವಯಸ್ಸಾದವರು ಮರೆತಿರಬೇಕು. ಕಳೆದುಹೋದರೆ ನಮಗೇ ಕೆಟ್ಟ ಹೆಸರು ಎಂದು ಅದನ್ನು ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಹಿಂದೆ ಭದ್ರವಾಗಿಟ್ಟು ಬಂದೆ. ಸೋದರಮಾವ ಎಂದರೆ ನಾಲ್ಕೂ ಕಡೆ ಕಣ್ಣಿರಬೇಕು!

ಪ್ರಮೋದ ಬಂದ. ಆರಡಿ ಎತ್ತರ. ತಲೆಯ ಮೇಲೆ ಜರತಾರಿ ಮೈಸೂರು ಪೇಟ, ಅದು ಇನ್ನೊಂದು ಅರ್ಧ ಅಡಿ. ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಅವನ ಅಜ್ಜಿ ಕೂತಿದ್ದರು, ಇನ್‌ಸ್ಪೆಕ್ಷನ್ನಿಗೆ ಬಂದ ದೊಡ್ಡ ಅಧಿಕಾರಿಯ ಹಾಗೆ. ಪುರೋಹಿತರು ಕೋಲು ಕೊಟ್ಟರು, ಬೀಸಣಿಗೆ ಕೊಟ್ಟರು, ಆಮೇಲೆ ಚಾಪೆಯ ಮೇಲೆ ಹುಡುಕಿದರು.

"ಕೊಡೆ ಎಲ್ಲಿ?"

ನಾನು ಮುಂದೆ ಬಂದು, ಜೇಬಿಗೆ ಕೈ ಹಾಕಿ, ವಿನಯದಿಂದ ತೆಗೆದುಕೊಟ್ಟೆ.

"ಏನ್ ಸ್ವಾಮಿ ಇದು? ನಾನು ಕೊಡೆ ಕೇಳಿದ್ರೆ ಕನ್ನಡಕದ ಡಬ್ಬಿ ಕೊಡ್ತೀರಲ್ಲ!"

"ಕೊಡೇನೇ ಆಚಾರ್ರೇ. ಬಟನ್ ಒತ್ತಿ."

ಒತ್ತಿದರು. ಫಟ್! ಪುರೋಹಿತರು ಎರಡು ಹೆಜ್ಜೆ ಹಿಂದೆ ಹಾರಿದರು. ನೆಂಟರೆಲ್ಲ ನಕ್ಕರು. ಅಕ್ಕನ ಮುಖ ಬಿಳುಚಿತು. ಅಜ್ಜಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಸಮಯ ಓಡುತ್ತಿತ್ತು. ಪುರೋಹಿತರು ನಿಟ್ಟುಸಿರು ಬಿಟ್ಟು ಕೊಡೆಯನ್ನು ಪ್ರಮೋದನ ಕೈಗೆ ಕೊಟ್ಟರು. ವಾಲಗ ಶುರುವಾಯಿತು. ಪ್ರಮೋದ ಕಾಶಿಗೆ ಹೊರಟ. ಕೊಡೆಯ ಹಿಡಿ ಗಿಡ್ಡ, ಪೇಟ ಎತ್ತರ. ಹೀಗಾಗಿ ಕೊಡೆ ಪೇಟದ ಮೇಲೆಯೇ ಟೋಪಿಯ ಹಾಗೆ ಕೂತಿತ್ತು. ಒಂದು ಹೆಜ್ಜೆ, ಎರಡು, ಮೂರು. ಭಾವ ಎದುರಿಗೆ ಕೈ ಮುಗಿದು ನಿಂತಿದ್ದರು. ಅಷ್ಟರಲ್ಲಿ ಕಂಕುಳಿನ ಬೀಸಣಿಗೆ ಜಾರಿತು. ಅದನ್ನು ಹಿಡಿಯಲು ಹೋಗಿ ಪ್ರಮೋದನ ಹೆಬ್ಬೆರಳು ಬಟನ್ ಮೇಲೆ ಬಿತ್ತು.

ಕೊಡೆ ತನ್ನ ಕರ್ತವ್ಯ ಮಾಡಿತು. ತಾನೇ ಮಡಚಿಕೊಂಡಿತು. ಪೇಟದ ಸಮೇತ!

ವರನ ಮುಖವೇ ಕಾಣುತ್ತಿಲ್ಲ. ಮೂಗಿನ ತನಕ ಕಪ್ಪು ಬಟ್ಟೆ, ಮೇಲೆ ನಾಲ್ಕು ಕಡ್ಡಿ. ನಾನು ಓಡಿದೆ. ಈ ಕೊಡೆಯ ತಾಂತ್ರಿಕ ವಿವರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮತ್ತೆ ತೆರೆಯಬೇಕಾದರೆ ಮೊದಲು ಕಂಬಿಯನ್ನು ಪೂರ್ತಿ ಒಳಗೆ ತಳ್ಳಬೇಕು. ತಳ್ಳೋಣವೆಂದರೆ ಮಧ್ಯೆ ವರ!

ಪ್ರಮೋದ ಪಾಪ, ಒಳಗಿನಿಂದಲೇ ಬಟನ್ ಹುಡುಕುತ್ತಿದ್ದ. ಒತ್ತಿದರೆ ಕಡ್ಡಿ ಕಣ್ಣಿಗೆ ಬಡಿಯುತ್ತದೆಂದು ನನ್ನ ಜೀವ ಬಾಯಿಗೆ ಬಂತು. ಬಲಗೈ ಮೇಲೆತ್ತಿ ಜೋರಾಗಿ ಆಡಿಸುತ್ತಾ, "ಬೇಡ! ಬೇಡ! ಒತ್ತಬೇಡಿ!" ಎಂದು ಕೂಗಿದೆ.

ನಮ್ಮ ಮದುವೆಗಳಲ್ಲಿ ಒಬ್ಬ ಹಿರಿಯ ಕೈ ಮೇಲೆತ್ತಿ ಆಡಿಸಿ ಕೂಗಿದರೆ ಅದಕ್ಕೆ ಒಂದೇ ಅರ್ಥ. ವಾಲಗದ ಯಜಮಾನರು ಮೂವತ್ತು ವರ್ಷದಿಂದ ಆ ಕೈಯನ್ನೇ ನೋಡಿಕೊಂಡು ಬಂದವರು. ಮಾತು ಕೇಳಿಸಲಿಲ್ಲ, ಕೈ ಕಂಡಿತು. ಡೋಲಿನವನಿಗೆ ಕಣ್ಸನ್ನೆ ಮಾಡಿಯೇ ಬಿಟ್ಟರು.

ಗಟ್ಟಿಮೇಳ!

ಛತ್ರದೊಳಗೆ ಕೂತಿದ್ದ ನೂರಾರು ಜನ ಎದ್ದು ನಿಂತರು. ಹಂಚುವುದು ತಡವಾಗಬಾರದೆಂದು ಭಾವ ಅವರ ಕೈಗೆಲ್ಲ ಆಗಲೇ ಅಕ್ಷತೆ ಕೊಡಿಸಿದ್ದರು. "ಅಯ್ಯೋ, ಮುಹೂರ್ತ ಮುಂಚೆನೇ ಬಂತೇನ್ರೀ?" ಅನ್ನುತ್ತಾ ಎಲ್ಲರೂ ಬಾಗಿಲಿಗೆ ನುಗ್ಗಿದರು. ಹೊರಗೆ ನೋಡಿದರೆ ವರ ಕೊಡೆಯೊಳಗೆ, ಕೊಡೆಯ ಹಿಡಿ ನನ್ನ ಕೈಯೊಳಗೆ. ಕೇಳುವವರು ಯಾರು? ಗಟ್ಟಿಮೇಳ ಕೇಳಿದ ಮೇಲೆ ಅಕ್ಷತೆ ಹಾಕಬೇಕು, ಹಾಕಿದರು! ನನ್ನ ತಲೆ, ಹುಬ್ಬು, ಜುಬ್ಬದ ಜೇಬು ಎಲ್ಲ ಅಕ್ಷತೆ. ಒಬ್ಬರು ಹಿರಿಯರು ಆಶೀರ್ವಾದವನ್ನೂ ಮಾಡಿದರು. ಒಟ್ಟಿನಲ್ಲಿ ಆ ಬೆಳಿಗ್ಗೆ ಪ್ರಮೋದನಿಗೆ ಮೊದಲು ಮದುವೆಯಾದದ್ದು ನನ್ನ ಜೊತೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಕ್ಷತೆ ಹಾಕಿ ಕೈ ಖಾಲಿಯಾದ ಮೇಲೆ ನಮ್ಮೂರ ಅತಿಥಿಗೆ ಉಳಿಯುವುದು ಒಂದೇ ಕೆಲಸ. ಹಿಂದಿನ ಸಾಲುಗಳು ಸದ್ದಿಲ್ಲದೆ ಊಟದ ಹಾಲಿನ ಕಡೆ ತಿರುಗಿದವು. ಎರಡು ನಿಮಿಷದಲ್ಲಿ ಮೊದಲ ಪಂಕ್ತಿ ಭರ್ತಿ! ಅಡುಗೆಯ ಮುಖ್ಯಸ್ಥರು ಸೌಟು ಹಿಡಿದುಕೊಂಡೇ ಓಡಿಬಂದರು.

"ಯಾರ್ರೀ ಗಟ್ಟಿಮೇಳ ಮಾಡ್ಸಿದ್ದು? ಅಕ್ಕಿ ಈಗ ತೊಳೀತಾ ಇದೀವಿ ಕಣ್ರೀ!"

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ನನ್ನ ಕೈ ಇನ್ನೂ ಮೇಲೆಯೇ ಇತ್ತು.

ಅಕ್ಕ ಹತ್ತಿರ ಬಂದಳು. ಬೈಯಲಿಲ್ಲ. "ಒಂದೇ ಒಂದು ಕೆಲಸ ಕೊಟ್ಟಿದ್ನಲ್ಲೋ ಕಂಠಿ" ಎಂದಳು, ಅಷ್ಟೇ. ಕಣ್ಣಲ್ಲಿ ನೀರಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ನಿಜವಾಗಿ ಹೇಳುತ್ತೇನೆ, ತೊಟ್ಟಿಲ ದಿನ ನಾಚಿಕೆಯಾಗಿತ್ತು, ಇಂದು ಅಳು ಬಂತು. ಆ ಹುಡುಗಿಯನ್ನು ಎತ್ತಿ ಆಡಿಸಿದವನು ನಾನು. ಅವಳು ನಾಳೆ ಕಾಲಿಡುವ ಮನೆಯವರ ಮುಂದೆ ಅವಳ ಅಮ್ಮನ ತಲೆ ತಗ್ಗಿಸಿಬಿಟ್ಟೆ.

ಅಷ್ಟರಲ್ಲಿ ಗಟ್ಟಿಮೇಳ ಕೇಳಿ ಗಾಬರಿಯಾಗಿ, ವಧುವಿನ ಕೋಣೆಯಿಂದ ಸುಮ ಓಡಿಬಂದಳು. ನಾನು, ಭಾವ, ಪ್ರಮೋದನ ಇಬ್ಬರು ಇಂಜಿನಿಯರ್ ಗೆಳೆಯರು, ನಾಲ್ಕು ಜನ ಕಡ್ಡಿಗಳನ್ನು ಒಂದೊಂದಾಗಿ ಎಳೆಯುತ್ತಿದ್ದೆವು. ಸುಮ ಒಂದು ಸಲ ನೋಡಿದಳು. ಎರಡೂ ಕೈಯಲ್ಲಿ ಪೇಟವನ್ನು ಕೆಳಗಿನಿಂದ ಹಿಡಿದು ಮೇಲಕ್ಕೆ ಎತ್ತಿದಳು. ಅದು ರೆಡಿಮೇಡ್ ಪೇಟ. ಕೊಡೆಯ ಸಮೇತ ಟೋಪಿಯ ಹಾಗೆ ಬಂತು! ಕೊಡೆಯಿಂದ ಪೇಟ ಬಿಡಿಸಲು ನಾವು ಒದ್ದಾಡುತ್ತಿದ್ದರೆ, ಅವಳು ಪೇಟದಿಂದ ವರನನ್ನೇ ಬಿಡಿಸಿದ್ದಳು.

ಪ್ರಮೋದನ ಮುಖ ಹೊರಗೆ ಬಂತು. ಕೆಂಪಾಗಿತ್ತು, ಬೆವರಿತ್ತು. ಅವನು ಸುತ್ತ ನೋಡಿ, ಭಾವನ ಕಡೆ ತಿರುಗಿ ಕೈ ಮುಗಿದ.

"ಮಾವ, ನೀವು ತಡೆಯೋದೇ ಬೇಡ. ಕಾಶಿಗೆ ಹೋಗೋ ಆಸೆ ಪೂರ್ತಿ ಹೋಯ್ತು."

ಮೊದಲು ನಕ್ಕವರು ಅಜ್ಜಿ! ಸಣ್ಣಗೆ ಶುರುವಾದ ನಗು ಕುರ್ಚಿಯೇ ಅಲುಗಾಡುವ ಹಾಗಾಯಿತು. "ಎಂಬತ್ತು ವರ್ಷದಲ್ಲಿ ಎಷ್ಟು ಕಾಶಿಯಾತ್ರೆ ನೋಡಿದೀನಿ ಕಣಮ್ಮ, ಗಂಡು ಇಷ್ಟು ಬೇಗ ಮನಸ್ಸು ಬದಲಾಯಿಸಿದ್ದು ನೋಡಿರ್ಲಿಲ್ಲ" ಎಂದು ಅಕ್ಕನ ಕೈ ಹಿಡಿದುಕೊಂಡರು. ಅಕ್ಕ ಅಳುತ್ತಾ ನಕ್ಕಳು. ನನಗೆ ಹೋದ ಜೀವ ಬಂತು.

"ಆದ್ರೆ ಶಾಸ್ತ್ರ ಶಾಸ್ತ್ರವೇ. ಒಂದು ಸರಿಯಾದ ಕೊಡೆ ತನ್ನಿ" ಎಂದರು ಅಜ್ಜಿ.

ಸುಮ ಚಾಪೆಯ ಕಡೆ ನೋಡಿದಳು. "ಇಲ್ಲಿ ಒಂದು ಉದ್ದ ಕೊಡೆ ಇಟ್ಟಿದ್ನಲ್ಲ, ಎಲ್ಲಿ?"

ನಾನು ಉಗ್ರಾಣದ ಕಡೆ ಕೈ ತೋರಿಸಿದೆ. ಆಮೇಲೆ ನಾನೇ ಓಡಿಹೋಗಿ ಅಕ್ಕಿ ಮೂಟೆಯ ಹಿಂದಿನಿಂದ ಅದನ್ನು ಎಳೆದೆ. ಬೆಳಕಿಗೆ ತಂದಾಗ ಬಾಗಿದ ಹಿಡಿಯ ಮೇಲೆ ಬಿಳಿ ಬಣ್ಣದ ಒಂದು ಅಕ್ಷರ ಕಂಡಿತು. 'ಶ್ರೀ.' ನನ್ನ ಮದುವೆಯಲ್ಲಿ ನನ್ನ ಮಾವನವರು ಬರೆಸಿದ್ದು! ಅಟ್ಟದ ಮೇಲಿದ್ದ ನನ್ನ ಕೊಡೆಯೇ. ಸುಮ ಅದಕ್ಕೆ ಹೊಸ ಬಟ್ಟೆ ಹಾಕಿಸಿ, ತುಕ್ಕು ತೆಗೆಸಿ, ಹೊಳೆಯುವ ಹಾಗೆ ಮಾಡಿಸಿದ್ದಳು.

ಪ್ರಮೋದ ಆ ಕೊಡೆ ಹಿಡಿದು ಮತ್ತೆ ಹೊರಟ. ಚೆನ್ನಾಗಿ ನಡೆದ. ಭಾವ ಚೆನ್ನಾಗಿ ತಡೆದರು. ಊಟಕ್ಕೆ ಕೂತವರನ್ನು ಎಬ್ಬಿಸಿ ತಂದು, ಹೊಸದಾಗಿ ಅಕ್ಷತೆ ಹಂಚಿ, ಸರಿಯಾದ ಮುಹೂರ್ತಕ್ಕೆ ಸರಿಯಾದವರಿಗೆ ಮದುವೆ ಮಾಡಲಾಯಿತು. ಅದು ಮುಗಿಯುವ ತನಕ ನಾನು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ.

ಸಂಜೆ ಮನೆಗೆ ಬಂದ ಮೇಲೆ ಸುಮಳನ್ನು ಕೇಳಿದೆ. "ಅಟ್ಟದ ಕೊಡೆ ಯಾವಾಗ ಇಳಿಸಿದೆ?"

"ನಿಮಗೆ ಕೆಲಸ ಕೊಟ್ಟ ಮಾರನೇ ದಿನವೇ."

"ಮತ್ತೆ ನನಗೆ ಯಾಕೆ ಕೊಟ್ರಿ ಆ ಕೆಲಸ?"

ಅವಳಿಗೆ ನಗು ತಡೆಯಲಾಗಲಿಲ್ಲ.

"ಮೂರು ವಾರ ನೀವು ಕೊಡೆ ಹಿಂದೆ ಹೋದ್ರಿ. ಅಡುಗೆಯೋರ ಹತ್ರ ಹೋಗ್ಲಿಲ್ಲ, ಛತ್ರದೋರ ಹತ್ರ ಹೋಗ್ಲಿಲ್ಲ, ಲಗ್ನಪತ್ರಿಕೆ ತಿದ್ಲಿಲ್ಲ. ಅಕ್ಕಂಗೆ ಎಷ್ಟು ನೆಮ್ಮದಿ ಇತ್ತು ಗೊತ್ತಾ? ಕೊಡೆ ಕೆಲಸ ಕೊಟ್ಟಿದ್ದು ಕೊಡೆಗೋಸ್ಕರ ಅಲ್ಲ ಕಣ್ರೀ."

ಇಪ್ಪತ್ತಾರು ವರ್ಷದ ಅನುಭವಿ ನಾನು. ನನ್ನ ಹೆಸರಿನ ಮುಂದೆ ಯಾರೋ ಷರಾ ಬರೆದು ಸಹಿ ಹಾಕಿ ಮೂರು ವಾರವಾಗಿದ್ದರೂ ನನಗೆ ಗೊತ್ತಾಗಿರಲಿಲ್ಲ. ಎರಡು ದಿನ ಸುಮಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಮಳೆ ಬಂತು. ಅಟ್ಟದ ಕೊಡೆ ಪ್ರಮೋದನ ಜೊತೆ ಹೋಗಿತ್ತು, ಮನೆಯಲ್ಲಿ ಬೇರೆ ಕೊಡೆ ಇರಲಿಲ್ಲ. ಐದು ಮಡಿಕೆಯದನ್ನೇ ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ. ಜವರಪ್ಪನವರು ಗೇಟಿನಲ್ಲಿ ನಿಂತು, "ಇವತ್ತೂ ಪರೀಕ್ಷೆನಾ ಸಾ?" ಎಂದರು.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಚೈತ್ರಾ ಪ್ರಮೋದರ ಹೊಸ ಮನೆಯ ಗೃಹಪ್ರವೇಶವಂತೆ.

"ಕಂಠಿ, ಒಂದು ಮುಖ್ಯವಾದ ಕೆಲಸ ಇದೆ ಕಣೋ. ನೀನೇ ಆಗ್ಬೇಕು. ದೃಷ್ಟಿ ತೆಗೆದು ಒಡೆಯೋಕೆ ಒಂದು ಬೂದುಗುಂಬಳಕಾಯಿ. ಅವಸರ ಇಲ್ಲ, ನಿಧಾನವಾಗಿ ನೋಡು."

ನಾನೇನು ದಡ್ಡನೇ? 'ನಿಧಾನವಾಗಿ' ಅನ್ನುತ್ತಿದ್ದಂತೆಯೇ ಎಲ್ಲ ಅರ್ಥವಾಯಿತು. ಇನ್ನೊಂದು ಕಾಯಿ ಈಗಾಗಲೇ ಅಕ್ಕನ ಮನೆಯ ಉಗ್ರಾಣದಲ್ಲಿ ಕೂತಿರುತ್ತದೆ ಎಂಬುದೂ ನನಗೆ ಗೊತ್ತು. ಇನ್ನು ಮೋಸ ಹೋಗುವ ಮಾತೇ ಇಲ್ಲ.

ಆದರೂ ಇರಲಿ ಎಂದು ಮೂರು ಕಡೆಯಿಂದ ಒಂದೊಂದು ಕಾಯಿ ತರಿಸಿದ್ದೇನೆ. ಎರಡನ್ನು ನಿನ್ನೆ ತಾರಸಿಯ ಮೇಲೆ ಒಡೆದು ನೋಡಿದೆ. ಮೂರನೆಯದರ ಪರೀಕ್ಷೆ ಭಾನುವಾರ.